ನಿಘಂಟು ಕೊಳ್ಳುವ ಮುನ್ನ ‘ಸೆಟ್’ ಪದದ ಪುಟ ತೆರೆದು ನೋಡಿ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಇಂಗ್ಲಿಷ್ ನಿಘಂಟಿನ ಮಟ್ಟಿಗೆ ಆ ಅಗುಳು ‘ಸೆಟ್’. ‘ಫೋಟೋಸಿಂಥೆಸಿಸ್’ನಂಥ ಉದ್ದನೆಯ ಪದವನ್ನು ಯಾವ ನಿಘಂಟೂ ತಪ್ಪು ಹೇಳುವುದಿಲ್ಲ, ಅದಕ್ಕಿರುವುದು ಒಂದೇ ಅರ್ಥ. ನಿಘಂಟು ಬೆವರುವುದು ಮೂರಕ್ಷರದ ಪದಗಳ ಮುಂದೆ: ‘ಸೆಟ್’, ‘ರನ್’, ‘ಗೆಟ್’, ‘ಪುಟ್’. ಓದುಗ ಸೋಲುವುದೂ ಅಲ್ಲೇ. ಪುಟ ತುಂಬ ಅರ್ಥಗಳ ರಾಶಿ ಬಿದ್ದಿರುತ್ತದೆ. ತನ್ನ ವಾಕ್ಯಕ್ಕೆ ಬೇಕಾದದ್ದು ಅದರಲ್ಲಿ ಯಾವುದು ಎಂದು ಎರಡು ನಿಮಿಷ ಹುಡುಕಿ, ಕೊನೆಗೆ ಮೊದಲನೆಯದನ್ನೇ ಎತ್ತಿಕೊಂಡು ಹೋಗುತ್ತಾನೆ.

ಈ ವಿಮರ್ಶೆ ಆ ಒಂದು ಪದವನ್ನೇ ಒರೆಗಲ್ಲು ಮಾಡಿಕೊಂಡದ್ದು. ಕನ್ನಡ ಮಾಧ್ಯಮದಲ್ಲಿ ಓದಿದವರು, ಅನುವಾದಕರು, ಸುದ್ದಿಮನೆಯಲ್ಲಿ ಇಂಗ್ಲಿಷ್ ತಂತಿಸುದ್ದಿಯನ್ನು ಕನ್ನಡಕ್ಕೆ ಇಳಿಸುವವರು, ಮೊಬೈಲ್ ಆ್ಯಪ್‌ಗಳಿಗೆ ಕನ್ನಡ ಬರೆಯುವವರು ಯಾವ ನಿಘಂಟನ್ನು ಹೇಗೆ ಬಳಸಬೇಕು ಎಂಬುದಷ್ಟೇ ಇದರ ವಿಷಯ. ನೋಡಿದ್ದು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್, ಲಾಂಗ್‌ಮನ್ ಕಾಂಟೆಂಪರರಿ, ಕಾಲಿನ್ಸ್ ಕೋಬಿಲ್ಡ್, ಕೇಂಬ್ರಿಡ್ಜ್, ಮೆರಿಯಮ್-ವೆಬ್‌ಸ್ಟರ್ ಎಂಬ ಐದು ಇಂಗ್ಲಿಷ್-ಇಂಗ್ಲಿಷ್ ಕೋಶಗಳನ್ನು. ಐದೂ ಅಂತರ್ಜಾಲದಲ್ಲಿ ಉಚಿತ. ಜೊತೆಗೆ ಇಂಗ್ಲಿಷ್-ಕನ್ನಡ ನಿಘಂಟುಗಳು, ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ಕೋಶ ಮತ್ತು ಯಂತ್ರಾನುವಾದ.

ಮೊದಲು ಪದದ ಅಳತೆ ಗೊತ್ತಿರಲಿ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದು. 430 ಅರ್ಥಗಳು, ಅವನ್ನು ವಿವರಿಸಲು ಸುಮಾರು 60,000 ಪದಗಳು. ಒಂದು ಪುಟ್ಟ ಕಾದಂಬರಿಯಷ್ಟು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು, ಆ ಮಾತು ಬೇರೆ. ಆ ದೈತ್ಯ ಕೋಶ ಚಂದಾ ಕಟ್ಟಿದವರಿಗೆ ಮಾತ್ರ ಪೂರ್ತಿ ತೆರೆಯುತ್ತದೆ. ದಿನಬಳಕೆಗೆ ಅದು ಬೇಡವೂ ಬೇಡ. ಕಲಿಯುವವರಿಗೆಂದೇ ಮಾಡಿದ ಕೋಶಗಳು ಈ ರಾಶಿಯನ್ನು ಜರಡಿ ಹಿಡಿದು ಮೂವತ್ತು ನಲವತ್ತಕ್ಕೆ ಇಳಿಸಿರುತ್ತವೆ. ಜರಡಿ ಎಷ್ಟು ಚೆನ್ನಾಗಿದೆ ಎಂಬುದೇ ನಮ್ಮ ಪ್ರಶ್ನೆ.

ಈ ಪದದ ಬೇರನ್ನು ಹಿಡಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಅದನ್ನು ಚೆನ್ನಾಗಿ ತೋರಿಸುವುದು ಮೆರಿಯಮ್-ವೆಬ್‌ಸ್ಟರ್. ಆ ಕೋಶ ಅರ್ಥಗಳನ್ನು ಇತಿಹಾಸದ ಕ್ರಮದಲ್ಲಿ, ಹಳೆಯದನ್ನು ಮೊದಲಿಟ್ಟು ಜೋಡಿಸುತ್ತದೆ. ಹಾಗಾಗಿ ಅಲ್ಲಿ ‘ಸೆಟ್’ ಎಂದರೆ ಮೊಟ್ಟಮೊದಲು ‘ಕೂರುವಂತೆ ಮಾಡು’. ಹಳೆ ಇಂಗ್ಲಿಷಿನಲ್ಲಿ ‘ಸಿಟ್’ನ ಪ್ರೇರಣಾರ್ಥಕ ರೂಪ ಇದು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳಬೇಕೆಂದರೆ ‘ಕೂರು’ಗೆ ‘ಇಸು’ ಹತ್ತಿ ಬಂದ ‘ಕೂರಿಸು’. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಇವೆರಡಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಬರುತ್ತದೆ, ಕನ್ನಡದಲ್ಲಿ ತಾನಾಗಿಯೇ ‘ಕೂರಿಸು’ ಬರುತ್ತದೆ. ಆದರೆ ಟೀ ಸೆಟ್, ಪಂಪ್‌ಸೆಟ್, ಸೆಟ್ ದೋಸೆಗಳಲ್ಲಿರುವ, ‘ಜೊತೆಗೂಡಿದ ಗುಂಪು’ ಎಂಬ ಅರ್ಥದ ‘ಸೆಟ್’ ಬೇರೆ ಮನೆತನದ್ದು. ಲ್ಯಾಟಿನ್ನಿನ ‘ಸೆಕ್ತ’ ಹಳೆ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಈ ‘ಸೆಟ್’ ಆಯಿತು. ಪಂಥ ಎಂಬ ಅರ್ಥದ ‘ಸೆಕ್ಟ್’ ಇದರ ಒಡಹುಟ್ಟು. ಎರಡು ಬೇರಿನ ಪದಗಳು ಒಂದೇ ಉಚ್ಚಾರಕ್ಕೆ ಬಂದು ಬೆರೆತುಹೋದವು. ಗುಂಪಿನ ಅರ್ಥವನ್ನೂ ಕೂರಿಸುವ ಅರ್ಥವನ್ನೂ ಒಂದೇ ದಾರದಲ್ಲಿ ಪೋಣಿಸಲು ಹೊರಟರೆ ತಲೆ ಕೆಡುತ್ತದೆ. ಅವನ್ನು ಪೋಣಿಸುವ ಅಗತ್ಯವೇ ಇಲ್ಲ.

ಇನ್ನು ಕನ್ನಡದ ಕಡೆಯಿಂದ ನೋಡಿ. ಅಲಾರಂ ಇಡುತ್ತೇವೆ, ಬೆಂಕಿ ಹಚ್ಚುತ್ತೇವೆ, ಬಲೆ ಒಡ್ಡುತ್ತೇವೆ, ಮುರಿದ ಮೂಳೆ ಕೂಡಿಸುತ್ತೇವೆ, ದಿನ ಗೊತ್ತು ಮಾಡುತ್ತೇವೆ, ಪ್ರಶ್ನೆಪತ್ರಿಕೆ ತಯಾರಿಸುತ್ತೇವೆ, ದಾಖಲೆ ಸ್ಥಾಪಿಸುತ್ತೇವೆ, ಕವಿತೆಗೆ ರಾಗ ಹಾಕುತ್ತೇವೆ, ಅಚ್ಚುಮೊಳೆ ಜೋಡಿಸುತ್ತೇವೆ. ಸೂರ್ಯ ಮುಳುಗುತ್ತಾನೆ, ಮೊಸರು ಹೆಪ್ಪುಗಟ್ಟುತ್ತದೆ, ಮಾವು ಕಾಯಿ ಕಚ್ಚುತ್ತದೆ. ಇಷ್ಟಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ. ಕನ್ನಡದಲ್ಲಿ ಕ್ರಿಯಾಪದವನ್ನು ಆರಿಸುವುದು ಪಕ್ಕದಲ್ಲಿ ಕೂತ ನಾಮಪದ: ಬಲೆ ಬಂತೆಂದರೆ ‘ಒಡ್ಡು’, ಬೆಂಕಿ ಬಂತೆಂದರೆ ‘ಹಚ್ಚು’. ಆದ್ದರಿಂದ ಕನ್ನಡ ಓದುಗನಿಗೆ ಒಳ್ಳೆಯ ನಿಘಂಟು ಎಂದರೆ ವಿವರಣೆ ಚೆಂದಾಗಿರುವುದಲ್ಲ. ಪ್ರತಿ ಅರ್ಥದ ಪಕ್ಕದಲ್ಲಿ ಆ ಅರ್ಥ ಯಾವ ನಾಮಪದದ ಜೊತೆ ಬರುತ್ತದೆ ಎಂದು ತೋರಿಸುವುದು. ಈ ಒಂದು ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಮುಂದಿನದನ್ನು ಬರೆದಿದೆ.

ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುವಾಗ ಸಹೋದ್ಯೋಗಿಗಳೊಡನೆ ಮಾಡಿದ ಕೋಶ ಇದರ ಮೂಲ. ಅದು 1942ರಲ್ಲಿ ಟೋಕಿಯೋದಲ್ಲಿ, 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಹತ್ತನೇ ಆವೃತ್ತಿ 2020ರದ್ದು. ‘ಸೆಟ್’ ಪುಟದಲ್ಲಿ ಕ್ರಿಯಾಪದ, ನಾಮಪದ, ಗುಣವಾಚಕ ಮೂರೂ ಬೇರೆ ಬೇರೆ ನಮೂದುಗಳು. ಕ್ರಿಯಾಪದದೊಳಗೆ ಅರ್ಥಗಳ ಗುಂಪಿಗೊಂದು ದಪ್ಪಕ್ಷರದ ತಲೆಪಟ್ಟಿ ಇದೆ: ಗಡಿಯಾರ-ಯಂತ್ರ, ಊಟದ ಮೇಜು, ಒಡವೆ, ಮೂಳೆ, ಕೂದಲು, ಮುದ್ರಣ, ಸೂರ್ಯ-ಚಂದ್ರ ಹೀಗೆ. ಇದೇ ಅದರ ಗೆಲುವು, ಏಕೆಂದರೆ ಈ ಪಟ್ಟಿಗಳಲ್ಲಿ ಹೆಚ್ಚಿನವು ನಾಮಪದಗಳೇ. ‘ಮೂಳೆ’ ಎಂಬ ಪಟ್ಟಿ ಕಂಡ ಕೂಡಲೇ ಕನ್ನಡದವನ ಮನಸ್ಸಿಗೆ ‘ಕೂಡಿಸು’ ಬಂದುಬಿಡುತ್ತದೆ, ವಿವರಣೆ ಓದುವ ಮುನ್ನವೇ. ಕೊರತೆ ಎಂದರೆ ‘ಸೆಟ್ ಅಪ್’, ‘ಸೆಟ್ ಆಫ್’ ಮುಂತಾದ ಜೋಡಿ ಕ್ರಿಯಾಪದಗಳಿಗೆ ಜಾಲತಾಣದಲ್ಲಿ ಒಂದೊಂದಕ್ಕೂ ಬೇರೆ ಕೊಂಡಿ ಒತ್ತಿ ಹೋಗಬೇಕು. ಅಚ್ಚಿನ ಪುಸ್ತಕದಲ್ಲಿ ಅವೆಲ್ಲ ನಮೂದಿನ ಕೊನೆಯಲ್ಲಿ ಒಟ್ಟಿಗೆ ಇರುತ್ತವೆ, ಕಣ್ಣಾಡಿಸಿದರೆ ಸಿಗುತ್ತವೆ. ಇದೊಂದು ಕಾರಣಕ್ಕೆ ಅನುವಾದಕರ ಮೇಜಿನ ಮೇಲೆ ಅಚ್ಚಿನ ಪ್ರತಿ ಇರುವುದು ಒಳ್ಳೆಯದು.

ಲಾಂಗ್‌ಮನ್. 1978ರಲ್ಲಿ ಮೊದಲು ಬಂದಾಗಿನಿಂದ ಇದರ ಕಟ್ಟುಪಾಡು ಒಂದೇ: ಎಲ್ಲ ವಿವರಣೆಗಳನ್ನೂ ಸುಮಾರು 2,000 ಸರಳ ಪದಗಳೊಳಗೆ ಬರೆಯಬೇಕು. ಒಂದು ಪದದ ಅರ್ಥ ನೋಡಲು ಹೋಗಿ ವಿವರಣೆಯಲ್ಲಿ ಇನ್ನೆರಡು ಗೊತ್ತಿಲ್ಲದ ಪದ ಸಿಕ್ಕಿ, ಅವನ್ನು ನೋಡಲು ಮತ್ತೆರಡು ಪುಟ ತಿರುವುವ ಕಷ್ಟ ಇಲ್ಲಿಲ್ಲ. ಹೈಸ್ಕೂಲು, ಪಿಯುಸಿ ಮಕ್ಕಳಿಗೆ, ಪಿಯುಸಿವರೆಗೆ ಕನ್ನಡದಲ್ಲೇ ಓದಿ ಪದವಿಯಲ್ಲಿ ಇಂಗ್ಲಿಷಿಗೆ ಬಂದವರಿಗೆ ಹಿಂದೆಮುಂದೆ ನೋಡದೆ ಹೇಳಬಹುದಾದ ಕೋಶ ಇದು. ಜಾಲತಾಣದಲ್ಲಿ ಜೋಡಿ ಕ್ರಿಯಾಪದಗಳು ಅದೇ ಪುಟದ ಕೆಳಗೇ ಪೂರ್ತಿ ಸಿಗುತ್ತವೆ, ಆಕ್ಸ್‌ಫರ್ಡ್‌ನ ಹಾಗೆ ಓಡಾಡಿಸುವುದಿಲ್ಲ. ತಲೆಪಟ್ಟಿಗಳು ಇಲ್ಲಿಯೂ ಇವೆ, ಆದರೆ ಅವು ‘ಸ್ಥಾಪಿಸು’, ‘ಶುರು ಮಾಡಿಸು’ ಎಂಬಂಥ ಕ್ರಿಯೆಯ ಕಡೆ ಹೆಚ್ಚು ವಾಲುತ್ತವೆ. ನಾಮಪದ ಹಿಡಿದು ಹುಡುಕುವ ನಮಗೆ ಅಷ್ಟು ಬೇಗ ದಕ್ಕುವುದಿಲ್ಲ.

ಕೋಬಿಲ್ಡ್ ಅನುವಾದಕರ ಕೋಶ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಮುಂದಾಳುತನದಲ್ಲಿ, ಕಂಪ್ಯೂಟರಿನಲ್ಲಿ ಕೂಡಿಹಾಕಿದ ನಿಜಬಳಕೆಯ ಪಠ್ಯರಾಶಿಯಿಂದ ಕಟ್ಟಿ 1987ರಲ್ಲಿ ಹೊರತಂದದ್ದು. ಇದರಲ್ಲಿ ವಿವರಣೆ ತುಂಡು ಮಾತಲ್ಲ, ಪೂರ್ತಿ ವಾಕ್ಯ. ‘ಗಟ್ಟಿಯಾಗು’ ಎಂದು ಬರೆದು ಬಿಡುವುದಿಲ್ಲ. ಅಂಟು, ಜೆಲ್ಲಿ, ಸಿಮೆಂಟಿನಂಥ ವಸ್ತು ಹೀಗಾದಾಗ ಈ ಪದ ಬಳಸುತ್ತಾರೆ ಎಂಬ ಧಾಟಿಯಲ್ಲಿ ಹೇಳುತ್ತದೆ. ಅಂದರೆ ಕರ್ತೃ ಯಾರು, ಕರ್ಮ ಯಾವುದು, ಎರಡೂ ವಿವರಣೆಯ ಒಳಗೇ ಬಂದಿರುತ್ತವೆ. ಮೇಲೆ ಹೇಳಿದ ಅಳತೆಗೋಲಿಗೆ ಇಷ್ಟು ಸರಿಯಾಗಿ ಹೊಂದುವ ಕೋಶ ಇನ್ನೊಂದಿಲ್ಲ. ‘ಸೆಟ್’ ನಮೂದನ್ನು ನಾಮಪದದ ಬಳಕೆಗಳು ಒಂದು ಭಾಗ, ಕ್ರಿಯಾಪದ ಮತ್ತು ಗುಣವಾಚಕ ಬಳಕೆಗಳು ಇನ್ನೊಂದು ಭಾಗ ಎಂದು ಎರಡಾಗಿ ಸೀಳಿದ್ದಾರೆ. ಗುಂಪಿನ ‘ಸೆಟ್’ಗೂ ಕೂರಿಸುವ ‘ಸೆಟ್’ಗೂ ಇರುವ ಅಂತರ ಇದರಿಂದ ಹೆಚ್ಚುಕಡಿಮೆ ಕಣ್ಣಿಗೆ ಬೀಳುತ್ತದೆ. ಒಂದು ಎಚ್ಚರಿಕೆ: ಕಾಲಿನ್ಸ್ ಜಾಲತಾಣದಲ್ಲಿ ಒಂದೇ ಪುಟದಲ್ಲಿ ಬೇರೆ ಬೇರೆ ಕೋಶಗಳು ಒಂದರ ಕೆಳಗೊಂದು ಬರುತ್ತವೆ. ಮೇಲಿನದು ಕೋಬಿಲ್ಡ್, ಅದರ ಕೆಳಗೆ ಬ್ರಿಟಿಷ್, ಅದರ ಕೆಳಗೆ ಅಮೆರಿಕನ್ ಕೋಶ. ಕೆಳಗೆ ಜಾರಿದಷ್ಟೂ ಧಾಟಿ ಬದಲಾಗುತ್ತದೆ, ಅಂಕೆಗಳೂ ಹೊಸದಾಗಿ ಶುರುವಾಗುತ್ತವೆ. ಕೋಬಿಲ್ಡ್ ಎಂಬ ಹೆಸರು ಇರುವಷ್ಟು ಭಾಗವನ್ನೇ ಓದಿ ನಿಲ್ಲಿಸಿ.

ಕೇಂಬ್ರಿಡ್ಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಥದ ಪಕ್ಕದಲ್ಲಿ ಸುಲಭದ ಎ1ರಿಂದ ಕಠಿಣದ ಸಿ2ರವರೆಗೆ ಮಟ್ಟದ ಗುರುತು ಹಾಕಿರುವುದು ಪರೀಕ್ಷೆಗೆ ಓದುವವರಿಗೆ ಉಪಕಾರಿ: ಯಾವ ಅರ್ಥ ಮೊದಲು ಕಲಿಯಬೇಕು, ಯಾವುದನ್ನು ಆಮೇಲೆ ನೋಡಿದರೂ ನಡೆಯುತ್ತದೆ ಎಂದು ಗೊತ್ತಾಗುತ್ತದೆ. ಅನುವಾದಕ್ಕೆ ಅದರಿಂದ ಹೊಸ ಲಾಭ ಇಲ್ಲ.

ಕೋಶ ಯಾವುದೇ ಇರಲಿ, ನೋಡುವ ಕ್ರಮ ತಪ್ಪಿದರೆ ಸಿಗುವ ಅರ್ಥವೂ ತಪ್ಪುತ್ತದೆ. ‘ಸೆಟ್ ಅಸೈಡ್’ ಎಂಬ ಜೋಡಿಯನ್ನು ಹತ್ತಿರದಿಂದ ನೋಡೋಣ. ಹೈಕೋರ್ಟು ಕೆಳ ನ್ಯಾಯಾಲಯದ ತೀರ್ಪನ್ನು ‘ಸೆಟ್ ಅಸೈಡ್’ ಮಾಡಿತು ಎಂಬ ಸುದ್ದಿ ಬಂದಿದೆ. ‘ಸೆಟ್’ ಅಂದರೆ ಇಡು, ‘ಅಸೈಡ್’ ಅಂದರೆ ಬದಿಗೆ. ಕೂಡಿಸಿದರೆ ‘ತೀರ್ಪನ್ನು ಬದಿಗಿಟ್ಟಿತು’. ವಾಕ್ಯ ಕನ್ನಡದಂತೆಯೇ ಕೇಳಿಸುತ್ತದೆ, ಅದೇ ಅಪಾಯ. ಬದಿಗಿಡುವುದೆಂದರೆ ಕನ್ನಡದಲ್ಲಿ ಸದ್ಯಕ್ಕೆ ಬಿಟ್ಟು ಆಮೇಲೆ ನೋಡುವುದು. ನ್ಯಾಯಾಲಯ ಮಾಡಿದ್ದು ಅದಲ್ಲ, ತೀರ್ಪನ್ನು ರದ್ದುಪಡಿಸಿದ್ದು. ಒಬ್ಬನ ಶಿಕ್ಷೆಯೇ ಹೋಗಿರುವಾಗ ಓದುಗ ಅದು ಇನ್ನೂ ತೂಗಾಡುತ್ತಿದೆ ಎಂದು ತಿಳಿಯುತ್ತಾನೆ.

ಸರಿಯಾದ ದಾರಿ ಹೀಗೆ. ‘ಸೆಟ್’ ಕಂಡ ಕೂಡಲೇ ಅದರ ಅರ್ಥ ಹುಡುಕಬೇಡಿ. ಮೊದಲು ಅದರ ಹಿಂದೆಯೇ ‘ಅಪ್’, ‘ಆಫ್’, ‘ಇನ್’, ‘ಔಟ್’, ‘ಅಸೈಡ್’, ‘ಬ್ಯಾಕ್’, ‘ಡೌನ್’, ‘ಅಬೌಟ್’ನಂಥ ಪದ ಇದೆಯೇ ನೋಡಿ. ಇದ್ದರೆ ಮೂಲ ನಮೂದಿನ ಕಡೆ ತಲೆ ಹಾಕದೆ ನೇರವಾಗಿ ಜೋಡಿ ಕ್ರಿಯಾಪದಗಳ ಪಟ್ಟಿಗೆ ಹೋಗಿ. ಈ ಪದ ‘ಸೆಟ್’ಗೆ ಅಂಟಿಕೊಂಡೇ ಇರಬೇಕೆಂದಿಲ್ಲ. ನಡುವೆ ನಾಲ್ಕೈದು ಪದಗಳ ಕರ್ಮಪದ ನುಗ್ಗಿರಬಹುದು, ಹಾಗಾಗಿ ವಾಕ್ಯದ ಕೊನೆಯವರೆಗೂ ಕಣ್ಣು ಹೋಗಬೇಕು. ಆಕ್ಸ್‌ಫರ್ಡ್, ಲಾಂಗ್‌ಮನ್ ಎರಡೂ ಎರಡು ತುದಿಗೂ ಮೊನೆಯಿರುವ ಬಾಣದ ಗುರುತಿನಿಂದ, ಇಲ್ಲವೇ ಎರಡು ರೂಪವನ್ನೂ ಬರೆದು ಇದನ್ನು ತೋರಿಸುತ್ತವೆ. ‘ಎಸ್‌ಟಿಎಚ್’ ಎಂಬ ಸಂಕ್ಷೇಪ ವಸ್ತುವಿಗೆ, ‘ಎಸ್‌ಬಿ’ ಮನುಷ್ಯನಿಗೆ. ಇದನ್ನು ಕಡೆಗಣಿಸುವವರೇ ಹೆಚ್ಚು, ಆದರೆ ಅರ್ಥ ಕವಲೊಡೆಯುವುದು ಇಲ್ಲೇ. ಕಂಪನಿಯನ್ನು ‘ಸೆಟ್ ಅಪ್’ ಮಾಡಿದರೆ ಸ್ಥಾಪನೆ. ಮನುಷ್ಯನನ್ನು ‘ಸೆಟ್ ಅಪ್’ ಮಾಡಿದರೆ ಸುಳ್ಳು ಆರೋಪದಲ್ಲಿ ಸಿಲುಕಿಸಿದ್ದಾಗಬಹುದು, ದುಡ್ಡು ಕೊಟ್ಟು ಬದುಕು ಕಟ್ಟಿಕೊಳ್ಳಲು ನೆರವಾದದ್ದೂ ಆಗಬಹುದು. ‘ಸೆಟ್ ಅಸೈಡ್’ಗೆ ಮರಳಿದರೆ, ಅಲ್ಲಿ ದುಡ್ಡು-ಸಮಯದ ಜೊತೆಗೆ ‘ತೆಗೆದಿರಿಸು’, ಮನಸ್ತಾಪದ ಜೊತೆಗೆ ‘ಮರೆತುಬಿಡು’, ತೀರ್ಪು-ಆದೇಶದ ಜೊತೆಗೆ ‘ರದ್ದುಪಡಿಸು’. ಮೂರನೆಯದರ ಪಕ್ಕದಲ್ಲಿ ಕಾನೂನು ಎಂಬ ಗುರುತು ಇರುತ್ತದೆ. ಆ ಪುಟ್ಟ ಗುರುತನ್ನು ಓದುವ ಅಭ್ಯಾಸ ಬಂದರೆ ನ್ಯಾಯಾಲಯದ ವರದಿಗಳ ಎಷ್ಟೋ ತಪ್ಪು ನಿಲ್ಲುತ್ತದೆ.

ಹಿಂದೆ ಅಂಥ ಪದ ಇಲ್ಲದಿದ್ದರೆ ಮುಂದಿನ ಪ್ರಶ್ನೆ: ಕರ್ಮ ಇದೆಯೇ? ಸೂರ್ಯ, ಸಿಮೆಂಟು, ಜೆಲ್ಲಿ, ಕಾಯಿ ಇವುಗಳ ‘ಸೆಟ್’ ತಾನೇ ಆಗುವ ಕ್ರಿಯೆ. ಉಳಿದ ಬಹುಪಾಲು ಮಾಡುವ ಕ್ರಿಯೆ. ಸಕರ್ಮಕಕ್ಕೆ ‘ಟಿ’, ಅಕರ್ಮಕಕ್ಕೆ ‘ಐ’ ಎಂಬ ಅಕ್ಷರ, ಅಥವಾ ಆ ಪದಗಳೇ ಪೂರ್ತಿಯಾಗಿ ಅರ್ಥದ ಮುಂದಿರುತ್ತವೆ. ಅಕರ್ಮಕ ಎಂದು ಗೊತ್ತಾದರೆ ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಅರ್ಥ ಒಂದೇ ಏಟಿಗೆ ಬಿದ್ದುಹೋಗುತ್ತವೆ. ಆಮೇಲೆ ತಲೆಪಟ್ಟಿಗಳ ಮೇಲೆ ಮಾತ್ರ ಕಣ್ಣಾಡಿಸಿ, ನಿಮ್ಮ ವಾಕ್ಯದ ನಾಮಪದಕ್ಕೆ ಹತ್ತಿರದ ಪಟ್ಟಿಯಲ್ಲಿ ನಿಂತು, ವಿವರಣೆಗಿಂತ ಮೊದಲು ಉದಾಹರಣೆ ಓದಿ. ಉದಾಹರಣೆಯಲ್ಲಿ ನಿಮ್ಮ ನಾಮಪದವೋ ಅದರ ನೆಂಟನೋ ಕಂಡರೆ ಅದೇ ಅರ್ಥ.

ಕಾಲದ ವಿಷಯ ಇನ್ನೊಂದು ಹಳ್ಳ. ಈ ಕ್ರಿಯಾಪದದ ಮೂರೂ ರೂಪ ಒಂದೇ: ಸೆಟ್, ಸೆಟ್, ಸೆಟ್. ‘ದೇ ಸೆಟ್ ದ ಪ್ರೈಸ್’ ಎಂದರೆ ‘ಬೆಲೆ ನಿಗದಿ ಮಾಡುತ್ತಾರೆ’ಯೂ ಹೌದು, ‘ಮಾಡಿದರು’ ಕೂಡ ಹೌದು. ಅಕ್ಕಪಕ್ಕದ ವಾಕ್ಯಗಳಿಂದಲೇ ತೀರ್ಮಾನಿಸಬೇಕು. ಆದರೆ ‘ಹಿ’, ‘ಷಿ’, ‘ಇಟ್’ ಇದ್ದಾಗ ಗೊಂದಲವಿಲ್ಲ: ವರ್ತಮಾನವಾಗಿದ್ದರೆ ‘ಸೆಟ್ಸ್’ ಆಗಬೇಕಿತ್ತು, ಬರಿಯ ‘ಸೆಟ್’ ಇದ್ದರೆ ಅದು ಭೂತಕಾಲವೇ. ಸುದ್ದಿ ತಲೆಬರಹಗಳಲ್ಲಿ ಇನ್ನೊಂದು ತಿರುವು. ಸರ್ಕಾರ ಹಾಲಿನ ದರ ಏರಿಸಲು ‘ಸೆಟ್ ಟು’ ಎಂದು ಬಂದರೆ ಅಲ್ಲಿ ಕ್ರಿಯಾಪದವೇ ಇಲ್ಲ. ನಡುವಿನ ‘ಈಸ್’ ಅನ್ನು ಜಾಗ ಉಳಿಸಲು ಕೈಬಿಟ್ಟಿರುತ್ತಾರೆ, ಉಳಿದದ್ದು ಗುಣವಾಚಕ. ಕನ್ನಡದಲ್ಲಿ ‘ದರ ಏರಿಕೆಗೆ ಸಜ್ಜು’. ಏರಿಸಿಯಾಯಿತು ಎಂದು ಬರೆದರೆ ಸುದ್ದಿಯೇ ಸುಳ್ಳು. ಇದನ್ನು ಕ್ರಿಯಾಪದದ ನಮೂದಿನಲ್ಲಿ ಹುಡುಕಿದರೆ ಸಿಗದು, ಗುಣವಾಚಕದ ನಮೂದಿಗೆ ಹೋಗಬೇಕು.

ಕಲಿಕೆಯ ಕೋಶಗಳು ಕೈಬಿಡುವ ಜಾಗಗಳೂ ಇವೆ, ಅಲ್ಲಿ ಕಸುಬು ಗೊತ್ತಿರಬೇಕು. ಸಿಮೆಂಟಿನ ವಿಷಯ ನೋಡಿ. ಅಂಟು, ಜೆಲ್ಲಿ, ಸಿಮೆಂಟು ಮೂರಕ್ಕೂ ಒಂದೇ ವಿವರಣೆ, ಗಟ್ಟಿಯಾಗು. ಆದರೆ ಕಟ್ಟಡದ ಕೆಲಸದಲ್ಲಿ ‘ಸೆಟ್ಟಿಂಗ್’ ಬೇರೆ, ‘ಹಾರ್ಡನಿಂಗ್’ ಬೇರೆ. ಕಲಸಿದ ಸಿಮೆಂಟು ತನ್ನ ಮೆದುತನ ಕಳೆದುಕೊಂಡು ಬಿಗಿಯುವುದು ಸೆಟ್ಟಿಂಗ್. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಅದು 30 ನಿಮಿಷಕ್ಕಿಂತ ಮೊದಲು ಶುರುವಾಗಬಾರದು, 600 ನಿಮಿಷದೊಳಗೆ ಮುಗಿಯಬೇಕು. ವಿಕಾಟ್ ಉಪಕರಣದ ಸೂಜಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಳೆದು ಇದನ್ನು ಹೇಳುತ್ತಾರೆ. ಬಲ ಬರುವ ಹಾರ್ಡನಿಂಗ್ ಆಮೇಲಿನದು, ಅದನ್ನು 28 ದಿನಕ್ಕೆ ಪರೀಕ್ಷಿಸುತ್ತಾರೆ. ಎರಡಕ್ಕೂ ‘ಗಟ್ಟಿಯಾಗು’ ಎಂದು ಬರೆದ ಕನ್ನಡ ಕೈಪಿಡಿಯನ್ನು ಓದಿದವನು ಹತ್ತು ತಾಸಿನಲ್ಲೇ ಗಟ್ಟಿಯಾಯಿತಲ್ಲ ಎಂದು ನೀರು ಹಾಕುವುದನ್ನೂ ನಿಲ್ಲಿಸಬಹುದು, ಆಧಾರದ ಕಂಬಗಳನ್ನೂ ತೆಗೆಯಬಹುದು. ‘ಸೆಟ್’ಗೆ ‘ಬಿಗಿದುಕೊಳ್ಳು’, ‘ಹಾರ್ಡನ್’ಗೆ ‘ಗಟ್ಟಿಯಾಗು’ ಎಂದು ಬೇರೆ ಮಾಡಿಕೊಳ್ಳುವುದು ಕ್ಷೇಮ. ಮೇಸ್ತ್ರಿಗಳು ‘ಸೆಟ್ ಆಗಿದೆ’ ಎಂದು ಇಂಗ್ಲಿಷ್ ಪದವನ್ನೇ ಉಳಿಸಿಕೊಂಡಿದ್ದಾರೆ, ಅವರ ಬಳಕೆ ಸರಿಯಾಗಿಯೇ ಇದೆ.

ಕೃಷಿಯಲ್ಲಿ ಹೂವು ಕಾಯಾಗುವ ‘ಸೆಟ್’ಗೆ ಮೆರಿಯಮ್-ವೆಬ್‌ಸ್ಟರ್‌ನಂಥ ದೊಡ್ಡ ಕೋಶ ಬೇಕು. ಪರಾಗಸ್ಪರ್ಶದ ಫಲವಾಗಿ ಗಿಡದ ಭಾಗ ಬೆಳೆಯುವುದು ಎಂಬ ಅರ್ಥ ಅಲ್ಲಿದೆ. ‘ಕಾಯಿ ಕಚ್ಚು’ ಎಂಬ ನಮ್ಮ ರೈತರ ಮಾತು ಇದಕ್ಕೆ ಅಷ್ಟು ಸೊಗಸಾಗಿ ಕೂರುತ್ತದೆ, ‘ಫಲಧಾರಣೆ’ ಎಂದು ಬರೆಯುವ ಅಗತ್ಯ ಕಾಣುವುದಿಲ್ಲ. ಮಂಡ್ಯದ ಕಬ್ಬು ಬೆಳೆಗಾರರಿಗೆ ಬರುವ ಇಂಗ್ಲಿಷ್ ಕರಪತ್ರಗಳಲ್ಲಿ ಇನ್ನೊಂದು ‘ಸೆಟ್’ ಇರುತ್ತದೆ: ಎರಡೋ ಮೂರೋ ಕಣ್ಣಿರುವ ಬಿತ್ತನೆಯ ತುಂಡು. ಇದರ ಕಾಗುಣಿತದಲ್ಲಿ ಕೊನೆಗೆ ಎರಡು ‘ಟಿ’. ಕನ್ನಡ ಲಿಪಿಯಲ್ಲಿ ಬರೆದಾಗ ಆ ವ್ಯತ್ಯಾಸ ಅಳಿಸಿಹೋಗುವುದರಿಂದ ‘ಎಕರೆಗೆ ಇಷ್ಟು ಸೆಟ್’ ಎಂಬುದನ್ನು ಇಷ್ಟು ಕಟ್ಟು ಎಂದು ಓದಿಕೊಳ್ಳುವ ಸಾಧ್ಯತೆ ಇದೆ. ‘ಕಣ್ಣಿನ ತುಂಡು’ ಎಂದೇ ಬರೆಯಬೇಕು. ಬಡಗಿಯ ಗರಗಸದಲ್ಲಿ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿಸುವುದೂ ‘ಸೆಟ್’. ಹಾಗೆ ಬಾಗಿಸಿದರೆ ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ ಗರಗಸ ಮರದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಮನೆ ನಕ್ಷೆಯ ‘ಸೆಟ್‌ಬ್ಯಾಕ್’ ಹಿನ್ನಡೆಯಲ್ಲ, ನಿವೇಶನದ ಗಡಿಯಿಂದ ಗೋಡೆಯವರೆಗೆ ಖಾಲಿ ಬಿಡಬೇಕಾದ ಜಾಗ. ಆದಾಯ ತೆರಿಗೆಯ ‘ಸೆಟ್ ಆಫ್’ ಹೊರಡುವುದಲ್ಲ, ನಷ್ಟವನ್ನು ಆದಾಯದಲ್ಲಿ ವಜಾ ಹಾಕಿಕೊಳ್ಳುವುದು. ಮುಂಗಾರು ‘ಸೆಟ್ ಇನ್’ ಆಯಿತು ಎಂಬುದಕ್ಕೆ ‘ಮಳೆ ಹಿಡಿಯಿತು’ ಎಂಬ ಎರಡು ಪದ ಸಾಕು. ಗಣಿತದ ‘ಸೆಟ್’ಗೆ ಪಠ್ಯಪುಸ್ತಕದ ‘ಗಣ’ ನೆಲೆನಿಂತಿದೆ, ಅದನ್ನು ಬದಲಿಸಬೇಡಿ.

ಯಾವ ಇಂಗ್ಲಿಷ್ ಕೋಶವೂ ಹೇಳದ ಒಂದು ತಪ್ಪು ನಮ್ಮದೇ. ‘ಈ ಕೆಲಸ ನನಗೆ ಸೆಟ್ ಆಗಲ್ಲ’, ‘ಇಬ್ಬರಿಗೂ ಸೆಟ್ ಆಯ್ತು’ ಎಂದು ಕನ್ನಡದಲ್ಲಿ ದಿನವೂ ಹೇಳುತ್ತೇವೆ. ಹೊಂದು, ಒಗ್ಗು ಎಂಬ ಈ ಅರ್ಥ ಕನ್ನಡದಲ್ಲಿ ಬೆಳೆದದ್ದು. ಕನ್ನಡದಲ್ಲಿ ಅದು ಸರಿಯಾದ ಬಳಕೆಯೇ. ಆದರೆ ಅದನ್ನೇ ಇಂಗ್ಲಿಷಿಗೆ ಹೊತ್ತೊಯ್ದು ಕೆಲಸ ತನಗೆ ‘ಸೆಟ್’ ಆಗುವುದಿಲ್ಲ ಎಂದು ಬರೆದರೆ ಓದಿದವನಿಗೆ ಅರ್ಥವಾಗುವುದಿಲ್ಲ. ಅಲ್ಲಿ ಬೇಕಾದದ್ದು ‘ಸೂಟ್’. ಸಂದರ್ಶನಕ್ಕೆ ಸಿದ್ಧವಾಗುವವರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು.

ಇಂಗ್ಲಿಷ್-ಕನ್ನಡ ಕೋಶಗಳಿಗೆ ಬಂದರೆ, ಮಾರುಕಟ್ಟೆಯಲ್ಲಿ ಸಿಗುವ ಜೇಬಿನ ಗಾತ್ರದವನ್ನು ಈ ಪದದ ಮಟ್ಟಿಗೆ ಕೊಳ್ಳಬೇಡಿ. ‘ಇಡು, ಇರಿಸು, ಸ್ಥಾಪಿಸು, ಹೊಂದಿಸು, ಅಸ್ತಮಿಸು’ ಎಂದು ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿದ ಪದಗಳಲ್ಲಿ ಯಾವುದು ಎಲ್ಲಿಗೆ ಎಂಬ ಸುಳಿವೇ ಇರುವುದಿಲ್ಲ. ಬಲೆಯನ್ನು ಸ್ಥಾಪಿಸಿ, ಮೂಳೆಯನ್ನು ಹೊಂದಿಸುವ ಅನುವಾದ ಹುಟ್ಟುವುದು ಇಂಥ ಸಾಲಿನಿಂದ. 1946ರಲ್ಲಿ ಮೊದಲು ಬಂದ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಪರಿಷ್ಕೃತ ಆವೃತ್ತಿ ಬೇರೆಯೇ ಎತ್ತರದ್ದು. ಸಕರ್ಮಕ, ಅಕರ್ಮಕ, ನಾಮವಾಚಕ, ಗುಣವಾಚಕ ಎಂದು ಬೇರ್ಪಡಿಸಿ, ಅಂಕೆ ಹಾಕಿ, ಶಾಸ್ತ್ರದ ಹೆಸರನ್ನೂ ಕೊಡುವ ಆ ಶಿಸ್ತು ಇವತ್ತಿಗೂ ಮಾದರಿ. ಅದರ ಕನ್ನಡ ಕೆಲವೆಡೆ ಸಂಸ್ಕೃತದ ಕಡೆ ಬಾಗುತ್ತದೆ, ಆಡುಮಾತಿನ ಪದ ನಾವೇ ತಂದುಕೊಳ್ಳಬೇಕು. ಇಂಗ್ಲಿಷ್-ಇಂಗ್ಲಿಷ್ ಕೋಶದಲ್ಲಿ ಅರ್ಥ ಗಟ್ಟಿ ಮಾಡಿಕೊಂಡ ಮೇಲೆ ಇದನ್ನು ತೆರೆಯುವುದು ಸರಿಯಾದ ಸರದಿ.

ಕೊನೆಯ ಹೆಜ್ಜೆಗೆ ‘ಅಲರ್’ ಇದೆ. ವಿ. ಕೃಷ್ಣ ಅವರು ಹಲವು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಕೋಶ. ಒಂದೂವರೆ ಲಕ್ಷದಷ್ಟು ಪದಗಳಿರುವ ಇದು ಅಂತರ್ಜಾಲದಲ್ಲಿ ಉಚಿತ, ದತ್ತಾಂಶವೂ ಮುಕ್ತ. ಇದನ್ನು ತಿರುಗಿಸಿ ಬಳಸಿ: ಆರಿಸಿಕೊಂಡ ಕನ್ನಡ ಪದವನ್ನು ಇಲ್ಲಿ ಹಾಕಿ, ಅದು ಇಂಗ್ಲಿಷಿನಲ್ಲಿ ಮತ್ತೆ ನಿಮ್ಮ ಮೂಲದ ಅರ್ಥಕ್ಕೇ ಬಂದು ನಿಲ್ಲುತ್ತದೆಯೇ ನೋಡಿ. ‘ಬದಿಗಿಡು’ ಎಂಬಂಥ ಪದಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ.

ಯಂತ್ರಾನುವಾದ ಪೂರ್ತಿ ವಾಕ್ಯ ಕೊಟ್ಟಾಗ ಪರವಾಗಿಲ್ಲ, ಪಕ್ಕದ ಪದಗಳನ್ನು ನೋಡಿಯೇ ಅರ್ಥ ಆರಿಸುತ್ತದೆ. ಒಂಟಿ ಪದ ಕೊಟ್ಟರೆ ಕುರುಡು. ಆ್ಯಪ್‌ಗಳಿಗೆ ಕನ್ನಡ ಬರೆಯುವವರಿಗೆ ಇದು ದಿನದ ಸಮಸ್ಯೆ, ಏಕೆಂದರೆ ಅವರಿಗೆ ಬರುವ ಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಬರಿಯ ‘ಸೆಟ್’ ಎಂದಿರುತ್ತದೆ. ಗುಂಡಿಯ ಮೇಲೆ ಇದ್ದರೆ ‘ಹೊಂದಿಸಿ’. ಸ್ಥಿತಿ ತೋರಿಸುವ ಜಾಗದಲ್ಲಿದ್ದರೆ ‘ಹೊಂದಿಸಲಾಗಿದೆ’. ವ್ಯಾಯಾಮದ ಆ್ಯಪ್‌ನಲ್ಲಿ ಹನ್ನೆರಡು ಸಲದ ಒಂದು ‘ಸೆಟ್’, ಅದನ್ನು ಹಾಗೇ ಬಿಡಬೇಕು. ಟೆನಿಸ್ ಅಂಕಪಟ್ಟಿಯಲ್ಲೂ ಹಾಗೇ. ತೆರೆಯ ಚಿತ್ರವನ್ನೋ, ಆ ಸಾಲಿನ ಜೊತೆಗಿರುವ ವಿವರಣೆಯನ್ನೋ ಕೇಳಿ ಪಡೆಯದೆ ಅನುವಾದಿಸಬೇಡಿ. ಒಂದೇ ಇಂಗ್ಲಿಷ್ ಸಾಲನ್ನು ಮೂರು ಕಡೆ ಬಳಸಿದ್ದರೆ ಮೂರು ಬೇರೆ ಸಾಲು ಮಾಡಿಕೊಡಿ ಎಂದು ತಂತ್ರಜ್ಞರಿಗೆ ಹೇಳಲೇಬೇಕು.

ಹಾಗಾದರೆ ಯಾರಿಗೆ ಯಾವುದು? ಕಲಿಯುವ ಮಕ್ಕಳಿಗೆ ಲಾಂಗ್‌ಮನ್. ಮನೆಗೆ ಒಂದೇ ಅಚ್ಚಿನ ಕೋಶ ತರುವುದಾದರೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್. ಅನುವಾದಕರು ಮತ್ತು ಪತ್ರಕರ್ತರು ಕೋಬಿಲ್ಡ್ ಪುಟವನ್ನು ಸದಾ ತೆರೆದಿಟ್ಟುಕೊಳ್ಳಲಿ, ಪಕ್ಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ನಿಘಂಟು ಇರಲಿ. ಪದದ ಬೇರು, ಕೃಷಿ, ಕಸುಬಿನ ಅರ್ಥಗಳಿಗೆ ಮೆರಿಯಮ್-ವೆಬ್‌ಸ್ಟರ್.

ಇವೆಲ್ಲ ಇದ್ದೂ ಒಂದು ಕೋಶ ಇನ್ನೂ ಬರಬೇಕಾಗಿದೆ: ನಾಮಪದದ ಕಡೆಯಿಂದ ಕಟ್ಟಿದ ಇಂಗ್ಲಿಷ್-ಕನ್ನಡ ನಿಘಂಟು. ಅದರ ‘ಸೆಟ್’ ನಮೂದು ಹೀಗಿರಬೇಕು: ಬಲೆ — ಒಡ್ಡು, ಬೋನು — ಇಡು, ಬೆಂಕಿ — ಹಚ್ಚು, ಮೂಳೆ — ಕೂಡಿಸು, ಹರಳು — ಕೂರಿಸು, ದಿನ — ಗೊತ್ತು ಮಾಡು, ಮೊಸರು — ಹೆಪ್ಪುಗಟ್ಟು, ಸಿಮೆಂಟು — ಬಿಗಿದುಕೊಳ್ಳು, ಮಾವು — ಕಾಯಿ ಕಚ್ಚು, ಸೂರ್ಯ — ಮುಳುಗು, ತೀರ್ಪು, ‘ಅಸೈಡ್’ ಜೊತೆಗೆ — ರದ್ದುಪಡಿಸು. ಹೀಗೆ ಮೂವತ್ತು ಸಾಲು ಬರೆದರೆ ಅರ್ಧ ಪುಟವೂ ಆಗುವುದಿಲ್ಲ.